ಬುಡಕ್ಕೂ ಬಳೆಯಿದ್ದ ತಂಬಿಗೆ

ಒಂದಾನೊಂದು ಕಾಲದಲ್ಲಿ, ಹೊಳೆಗಳಿಗೆ ಎಣಿಕೆ ಬರುತ್ತಿದ್ದ ಕಾಲದಲ್ಲಿ, ಕೃಷ್ಣೆ ಎಂಬ ಒಬ್ಬ ತಾಯಿ ಇದ್ದಳು. ಕಣ್ಣಿಗೆ ಕಾಣುವ ಮಕ್ಕಳು ಅವಳಿಗೆ ಸಾವಿರ, ಕಾಣದ ಮಕ್ಕಳು ಕೋಟಿ. ದಿನಾ ಹೊತ್ತು ಮುಳುಗುವಾಗ ಎಲ್ಲರನ್ನೂ ಸೆರಗಿನೊಳಗೆ ಕರೆದು ಎಣಿಸುವಳು. ಎಣಿಕೆ ಸರಿಬಂದರೆ ನಿದ್ದೆ. ಒಂದೇ ಒಂದು ಕಡಿಮೆಯಾದರೂ ದಂಡೆಗೆ ತಲೆ ಬಡಿದುಕೊಂಡು ಅಳುವಳು. ಅವಳ ಅಳು ನೋಡಲಾರದೆ ದಂಡೆಯ ಜನ ಒಂದು ಮಾತು ಕೊಟ್ಟರು: ತಾಯೀ, ನಿನ್ನಿಂದ ಒಂದು ಕೊಡ ನೀರು ತಂದರೆ ಬಟ್ಟೆಯಲ್ಲಿ ಸೋಸುತ್ತೇವೆ, ಬಟ್ಟೆಗೆ ಸಿಕ್ಕ ನಿನ್ನ ಮಕ್ಕಳನ್ನು ತಂದು ನಿನಗೇ ಒಪ್ಪಿಸುತ್ತೇವೆ. ಬೇರೆ ಯಾವ ನೀರಿಗೂ ಅಲ್ಲ, ನಿನ್ನ ನೀರಿಗೇ. ಎಷ್ಟೋ ಕಾಲ ಹೀಗೇ ನಡೆಯಿತು. ಆಮೇಲೆ ಒಬ್ಬ ಅರಸ ಬಂದ. ಕೊಡದಲ್ಲಿ ಎಷ್ಟು ತಂದರೂ ಅವನಿಗೆ ಸಾಲದು. "ನೀರು ಯಾಕೆ ತರಬೇಕು, ಹೊಳೆಯನ್ನೇ ಮನೆಗೆ ತರುತ್ತೇನೆ" ಅಂದ. ತಂದೇಬಿಟ್ಟ.

"ಮುಂದ ಏನಾತು ಆಯಿ?" ಎಂದು ತ್ರಿಶಲಾ ಕೇಳಿದಾಗಲೆಲ್ಲ ಅಜ್ಜಿ ಕಮಲಾಬಾಯಿ ಕತೆಯನ್ನು ಅಲ್ಲಿಗೇ ಕತ್ತರಿಸುತ್ತಿದ್ದಳು. "ಸುಮ್ನ ಮಲಗ. ಹೊಳಿ ಎಣಸಾಕತ್ತಾಳ, ನೀ ಗದ್ದಲ ಮಾಡಿದ್ರ ತಪ್ಪತಾಳ."

ಆ ಹೊಳೆಯ ದಂಡೆಯ ಮೇಲೆ ಈಗ ಸಾತವಾಡ ಎಂಬ ಊರಿದೆ. ಕಾಗವಾಡದಿಂದ ಮೋಟಾರ್ ಸೈಕಲ್ಲಿನಲ್ಲಿ ಇಪ್ಪತ್ತು ನಿಮಿಷ. ಹೊಳೆಯ ಈ ಕಡೆ ಕರ್ನಾಟಕ, ಆ ಕಡೆ ಮಹಾರಾಷ್ಟ್ರ. ಈ ದಂಡೆಯಲ್ಲಿ ಸೀನಿದರೆ ಆ ದಂಡೆಯವರು ಮರಾಠಿಯಲ್ಲಿ ನೂರು ವರ್ಷ ಬಾಳು ಅನ್ನಬಹುದು, ಅಷ್ಟು ಹತ್ತಿರ. ಎರಡೂ ಕಡೆ ಕಣ್ಣು ಹಾಯುವ ತನಕ ಕಬ್ಬು. ಕಬ್ಬಿಗೆ ಮಾತ್ರ ಯಾವ ಭಾಷೆಯೂ ಇಲ್ಲ, ಬಾಯಾರಿಕೆಯೊಂದೇ.

ತ್ರಿಶಲಾಗೆ ಇಪ್ಪತ್ತೊಂದು. ಚಿಕ್ಕೋಡಿಯ ಕಾಲೇಜಿನಲ್ಲಿ ಬಿ.ಎ. ಕೊನೆಯ ಪರೀಕ್ಷೆ ಬರೆದು ಬಂದು ಮನೆಯಲ್ಲಿದ್ದಳು. ಪಲ್ಯಕ್ಕೆ ಎರಡು ಸಲ ಉಪ್ಪು ಹಾಕುವವಳು, ಹಾಲು ಉಕ್ಕಿ ಒಲೆ ಆರಿದರೂ ಕಿಟಕಿಯಾಚೆ ನೋಡುವವಳು. "ಇಕಿ ಅರ್ಧ ನಮ್ಮನ್ಯಾಗ ಅದಾಳ, ಅರ್ಧ ನಿಮ್ಮ ಕತಿಯಾಗ ಅದಾಳ್ರಿ ಅತ್ತಿ" ಎಂದು ತಾಯಿ ಮಂಗಲ ದೂರುವಳು. "ಕತಿಯಾಗಿನ ಅರ್ಧರ ಉಳೀಲಿ ಬಿಡ" ಎಂದು ಆಯಿ ನಗುವಳು.

ಆಯಿಗೆ ಎಂಬತ್ತಮೂರು. ಹದಿನಾರಕ್ಕೆ ಐಗಳಿಯಿಂದ ಈ ಜೈನರ ಮನೆಗೆ ಸೊಸೆಯಾಗಿ ಬಂದವಳು. ಐಗಳಿ ಒಣ ಊರು. ಅಲ್ಲಿ ಆಳದ ಬಾವಿಗೆ ಹಗ್ಗ ಬಿಟ್ಟು ಬಿಟ್ಟು ಅವಳ ಅಂಗೈ ದಡ್ಡುಗಟ್ಟಿತ್ತು. "ಗಂಡಗಲ್ಲ ಬೇ, ನನ್ನ ನೀರಿಗೆ ಕೊಟ್ರು" ಅನ್ನುತ್ತಿದ್ದಳು. ತವರಿನಿಂದ ಅವಳು ತಂದದ್ದು ಒಂದು ಹಿತ್ತಾಳೆಯ ತಂಬಿಗೆ. ಎಲ್ಲ ತಂಬಿಗೆಗಳ ಹಾಗೆ ಅದರ ಕೊರಳಿಗೆ ಹಗ್ಗ ಕಟ್ಟುವ ಬಳೆಯಿತ್ತು. ಯಾವ ತಂಬಿಗೆಗೂ ಇಲ್ಲದ ಹಾಗೆ ಬುಡಕ್ಕೂ ಒಂದು ಬಳೆಯಿತ್ತು. ದಿನಾ ಬೆಳಿಗ್ಗೆ ಎರಡು ಪದರದ ದಪ್ಪ ಬಟ್ಟೆಯಲ್ಲಿ ನೀರು ಸೋಸಿ, ಬಟ್ಟೆಯನ್ನು ಹಿಂಡದೆ, ಸೋಸಿದ ನೀರಿನಿಂದಲೇ ಮೆಲ್ಲಗೆ ತೊಳೆದು ಅದರಲ್ಲಿ ಉಳಿದ ಜೀವಗಳನ್ನು ಆ ತಂಬಿಗೆಗೆ ಇಳಿಸುವಳು. ಅದಕ್ಕೆ ಜೀವಾಣಿ ಎಂದು ಹೆಸರು. ಅದನ್ನು ತಂದ ನೀರಿಗೇ ಒಯ್ದು ಮುಟ್ಟಿಸಬೇಕು. ಮೇಲಿನಿಂದ ಚೆಲ್ಲಬಾರದು, ಅಷ್ಟು ಎತ್ತರದಿಂದ ಬಿದ್ದರೆ ಸಾಸಿವೆಗಿಂತ ಸಣ್ಣ ಜೀವ ಏನಾದೀತು? ಕೊರಳ ಹಗ್ಗದಿಂದ ಇಳಿಬಿಟ್ಟು, ತಂಬಿಗೆ ನೀರಿಗೆ ತಾಗಿದ ಮೇಲೆ ಬುಡದ ಹಗ್ಗ ಜಗ್ಗಬೇಕು. ತೊಟ್ಟಿಲಲ್ಲಿ ಮಗು ಮಗ್ಗುಲಾದ ಹಾಗೆ ತಂಬಿಗೆ ಮಗುಚುತ್ತದೆ.

ಈ ವರ್ಷ ಏಪ್ರಿಲ್ ಮುಗಿಯುವುದರೊಳಗೆ ಹೊಳೆ ಹರಿಯುವುದು ನಿಂತು ಕುಣಿಕುಣಿಯಾಯಿತು. ಮೇ ಹತ್ತರ ಹೊತ್ತಿಗೆ ಕುಣಿಗಳೂ ಬಿರಿದವು. ಪಂಚಾಯಿತಿಯವರು ಟ್ಯಾಂಕರ್ ಹಚ್ಚಿದರು. ಹೊಳೆಯಾಚೆಯ ವಿರುಪಾಕ್ಷಪ್ಪ ಪಾಟೀಲರ ತೋಟದ ಬೋರಿನ ನೀರಂತೆ. ಸವಳು, ಬೇಳೆ ಬೇಯದು. "ಮಹಾರಾಷ್ಟ್ರದವ್ರು ಕೊಯ್ನಾ ಡ್ಯಾಮಿನಿಂದ ಹನಿ ಬಿಟ್ಟಿಲ್ಲ" ಎಂದು ತ್ರಿಶಲಾಳ ಅಪ್ಪ ಜಿನ್ನಪ್ಪ ದಿನಾ ಊಟದ ತಾಟಿನ ಮುಂದೆ ಬೈಯುತ್ತಿದ್ದ. ಹದಿನಾಲ್ಕು ಎಕರೆ ಕಬ್ಬಿನವ, ರೈತರ ಸಂಘದವ, ಹೆಗಲ ಮೇಲೆ ಹಸಿರು ಶಾಲು. ಆಯಿ ಆ ಸವಳು ನೀರನ್ನೂ ಸೋಸುವಳು. ಬಟ್ಟೆ ಇದ್ದ ಹಾಗೇ ಬೆಳ್ಳಗೆ ಉಳಿಯುವುದು. "ಇದರಾಗ ಜೀವಿಲ್ಲ. ಬರೇ ನೀರು" ಎಂದು ನಿಟ್ಟುಸಿರು ಬಿಡುವಳು.

ಆಮೇಲೆ ಒಂದು ದಿನ ನೀರು ಸಿಹಿಯಾಯಿತು. ಬೇಳೆ ಬೆಂದಿತು. "ಬ್ಯಾರೆ ಬೋರ ಹಚ್ಯಾರ" ಅಂದ ಜಿನ್ನಪ್ಪ. ಅದರ ಮೂರನೆಯ ಬೆಳಿಗ್ಗೆ ಆಯಿ ಬಟ್ಟೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ಕೂತಳು. ಬಟ್ಟೆಯ ನಡುವೆ ಬೇವಿನ ಎಲೆಯ ತೊಟ್ಟಿನಷ್ಟು ಒಂದು ಮೀನಿನ ಮರಿ ಮಿಡುಕುತ್ತಿತ್ತು.

"ಮಂಗಲಾ," ಎಂದಳು ಆಯಿ. "ಬೋರಿನ್ಯಾಗ ಮೀನ ಯಾವಾಗಿಂದ ಹುಟ್ಟಾಕತ್ತಾವ?"

ರೊಟ್ಟಿ ಬಡಿಯುತ್ತಿದ್ದ ಮಂಗಲಳ ಕೈ ಒಮ್ಮೆ ನಿಂತಿತು. ಆಮೇಲೆ ಬೇಕಾದ್ದಕ್ಕಿಂತ ಜೋರಾಗಿ ಬಡಿಯತೊಡಗಿತು.

ಜಿನ್ನಪ್ಪ ಅಂಗಳದಲ್ಲಿ ಗಾಡಿ ಒರೆಸುತ್ತಿದ್ದ. ಆಯಿ ಅಲ್ಲಿಂದಲೇ ಕೂಗಿದಳು. "ಜಿನ್ನೂ, ಈ ನೀರ ಎಲ್ಲೀದು?"

"ಬೋರಿಂದ ಅವ್ವಾ."

"ಬೋರಿನ್ಯಾಗ ಮೀನ ಬಂದೈತಿ."

"ಟ್ಯಾಂಕರಿನ್ಯಾಗ ತಾನ ಹುಟ್ಟಿರಬೇಕ."

"ಅಪ್ಪ ಅವ್ವ ಇಲ್ದ ತಾನ ಹುಟ್ಟಾಕ ಅದೇನ ನಿಮ್ಮ ಸಂಘದ ಲೀಡರಾ?"

ಜಿನ್ನಪ್ಪ ನಕ್ಕ. ನಗುತ್ತಲೇ ಗಾಡಿ ಚಾಲೂ ಮಾಡಿದ. "ನಂಗ ಹೊತ್ತಾತು. ಚಿಕ್ಕೋಡ್ಯಾಗ ಹತ್ತಕ್ಕ ರಸ್ತಾ ರೋಕೋ. ನಾವ ಬೀದ್ಯಾಗ ಕುಂಡ್ರಲಿಲ್ಲಂದ್ರ ಆ ಮಂದಿ ನೀರ ಬಿಡೂದಿಲ್ಲ. ನಿನ್ನ ಸಲುವಾಗಿನ ಹೊಂಟೀನಿ ನೋಡ ಅವ್ವಾ. ಆ ಮರೀನ ತುಳಸಿ ಗಿಡಕ್ಕ ಚೆಲ್ಲ."

ಗಾಡಿಯ ಧೂಳು ಅಡಗುವ ತನಕ ಆಯಿ ಆ ದಾರಿಯನ್ನೇ ನೋಡಿದಳು. ಆಮೇಲೆ ಮರಿಯನ್ನೂ ಜೀವಾಣಿಯನ್ನೂ ತಂಬಿಗೆಗೆ ಇಳಿಸಿ, ಮೇಲೆ ತೆಳು ಬಟ್ಟೆ ಹೊದಿಸಿ, ತ್ರಿಶಲಾಳ ಕೈಗೆ ಕೊಟ್ಟಳು.

"ಇದು ಹೊಳಿ ಮರಿ. ಎಲ್ಲೋ ಹೊಳಿ ಐತಿ, ನಮಗ ಹೇಳವಲ್ಲರು. ಎಲ್ಲಿಂದ ಬಂತೋ ಆ ನೀರಿಗೆ ಇದನ್ನ ಮುಟ್ಟಸಬೇಕು. ಮಾತ ಕೊಡ."

"ಕೊಟ್ಟೆ ಆಯಿ."

"ಅಲ್ಲೀತನಕ ನನ್ನ ಬಾಯಿಗಿ ನೀರಿಲ್ಲ."

ತ್ರಿಶಲಾ ನಕ್ಕಳು. ಕತೆಯಲ್ಲಿ ಇಂಥ ಆಣೆಗಳು ಬಹಳ ಬರುತ್ತಿದ್ದವು. ಆದರೆ ಆಯಿ ನಗಲಿಲ್ಲ. ಕುಡಿಯುವ ನೀರಿನ ಹಂಡೆಯ ಮೇಲೆ ತಟ್ಟೆ ಮುಚ್ಚಿ, ತಟ್ಟೆಯ ಮೇಲೆ ತನ್ನ ಲೋಟ ಬೋರಲು ಹಾಕಿ, ಹೊರಸಿನ ಮೇಲೆ ಹೋಗಿ ಕೂತಳು. ಹೊರಗೆ ಒಂಬತ್ತು ಗಂಟೆಗೇ ಹಂಚು ಕಾದ ವಾಸನೆ.

ಮಧ್ಯಾಹ್ನ ತ್ರಿಶಲಾ ತಾಯಿಯನ್ನು ಹಿಡಿದಳು. "ಅವ್ವಾ, ನಿನಗ ಗೊತ್ತೈತಿ. ಹೌದಿಲ್ಲ?"

"ನಂಗೇನ ಗೊತ್ತಿರತೈತಿ? ಒಲಿ ಗೊತ್ತು, ಹಂಚ ಗೊತ್ತು." ಮಂಗಲ ಮುಖ ತಿರುಗಿಸಿದಳು. "ಕೇಳಬ್ಯಾಡ ತ್ರಿಶಲಾ. ಕೇಳಿದ್ರ ನೀನೂ ನನ್ನಂಗ ಸುಮ್ನ ಕುಂಡ್ರಬೇಕಾಗತೈತಿ."

ನಾಲ್ಕು ಗಂಟೆಗೆ ಟ್ಯಾಂಕರ್ ಬಂತು. ಡ್ರೈವರ್ ಮುರಗೆಪ್ಪ ಐಗಳಿಯವ. ಆಯಿಯ ತವರಿನ ಓಣಿಯವ ಎಂಬ ಸಲಿಗೆಗೆ ದಿನಾ ಅವಳ ಕೈಯ ಚಹಾ ಕುಡಿದು ಹೋಗುತ್ತಿದ್ದ. ಹೆಂಗಸರು ಪೈಪಿಗೆ ಮುಗಿಬಿದ್ದಾಗ ತ್ರಿಶಲಾ ಅವನ ಬಳಿ ಹೋದಳು.

"ಕಾಕಾ, ಈ ನೀರ ಎಲ್ಲಿ ತುಂಬತೀರಿ?"

"ಟ್ಯಾಂಕರಿನ್ಯಾಗ ತುಂಬತೀನಿ."

"ಚಾಷ್ಟಿ ಬಿಡ್ರಿ. ಆಯಿ ಮುಂಜಾನಿಂದ ನೀರ ಕುಡಿದಿಲ್ಲ." ಅವಳು ತಂಬಿಗೆಯ ಬಟ್ಟೆ ಸರಿಸಿ ತೋರಿಸಿದಳು.

ಮುರಗೆಪ್ಪ ಮರಿಯನ್ನು ನೋಡಿದ. ಬೀಡಿ ಬಾಯಿಂದ ತೆಗೆದ. "ಕಮಲತ್ತಿ ಸೋಸೂ ಅರಿವಿ ಪೊಲೀಸರಗಿಂತ ಜೋರ ಐತಲ್ಲ" ಎಂದು ಮೆಲ್ಲಗೆ ಅಂದ. "ತಂಗೆವ್ವಾ, ನಮ್ಮೂರ ನಳಕ್ಕ ನೀರ ಬಂದು ಹನ್ನೆರಡ ದಿನಾತು. ನನ್ನ ಹೇಣ್ತಿ ಎರಡ ಕೊಡಕ್ಕ ಮೂರ ತಾಸ ಪಾಳಿ ಹಚ್ಚತಾಳ. ನಾ ಇಲ್ಲಿ ನಿಮ್ಮೂರಿಗಿ ದಿನಾ ಐದ ಖೇಪ ಹೊಡೀತೀನಿ. ಎಲ್ಲೀದಂತ ನಿಮ್ಮಪ್ಪಗ ಕೇಳ."

"ಕೇಳಿದ್ವಿ. ಬೋರಂದ."

"ಹಾಂ. ಬೋರ. ಭಾಳ ಅಗಲ ಬೋರ ಅದು." ಅವನು ಬೀಡಿಯನ್ನು ಹೊಸಕಿದ. "ನಾಳೆ ಆರಕ್ಕ ಮೊದಲ ಖೇಪ. ಬರ್ತಿದ್ರ ಬಾ. ನಾ ಕರದೆ ಅನಬ್ಯಾಡ, ನನ್ನ ಹೊಟ್ಟಿಪಾಡು."

ಮರುದಿನ ಆರಕ್ಕೆ ಅವಳು ತಂಬಿಗೆಯನ್ನು ಮಡಿಲಲ್ಲಿಟ್ಟುಕೊಂಡು ಟ್ಯಾಂಕರಿನ ಮುಂದಿನ ಸೀಟಿನಲ್ಲಿ ಕೂತಿದ್ದಳು. ದಾರಿಯ ಎರಡೂ ಬದಿ ಕಬ್ಬು. ತುದಿ ಒಣಗಿರಬೇಕಾದ ಕಬ್ಬು ಹಸಿರಾಗಿ ತೊನೆಯುತ್ತಿತ್ತು. ತನ್ನ ಕನಸಿನ ಅರ್ಧದಲ್ಲಿ ಅವಳು ಒಂದು ಗುಟ್ಟಿನ ಕೊಳವನ್ನು ಕಟ್ಟಿಕೊಂಡಿದ್ದಳು: ಬಂಡೆಗಳ ನಡುವೆ, ಮರದ ನೆರಳಲ್ಲಿ, ಹೊಳೆ ತನ್ನ ಮಕ್ಕಳನ್ನು ಬಚ್ಚಿಟ್ಟುಕೊಂಡ ಕೊಳ.

ಊರಿನಿಂದ ಮೇಲೆ ಮೂರು ಮೈಲಿ, ಹೊಳೆ ತಿರುಗುವ ಕಡೆ ಟ್ಯಾಂಕರ್ ನಿಂತಿತು. ಅಲ್ಲಿ ಹೊಳೆಯ ಈ ದಂಡೆಯಿಂದ ಆ ದಂಡೆಗೆ ಉಸುಕು ತುಂಬಿದ ಚೀಲಗಳನ್ನು ಆಳೆತ್ತರ ಒಟ್ಟಿ ಒಡ್ಡು ಹಾಕಿದ್ದರು. ಒಡ್ಡಿನ ಕೆಳಗೆ ಬಿರಿದ ಕೆಸರು. ಮೇಲೆ ನೀರು. ಅಷ್ಟು ನೀರನ್ನು ಅವಳು ದೀಪಾವಳಿಯಿಂದ ಈಚೆಗೆ ಕಂಡಿರಲಿಲ್ಲ. ಎರಡೂ ದಂಡೆಗಳಲ್ಲಿ ಸಾಲಾಗಿ ಟ್ರ್ಯಾಕ್ಟರುಗಳು. ಒಂದೊಂದರ ಹಿಂದೆಯೂ ಒಂದೊಂದು ಪಂಪು ಹೊಡೆದುಕೊಳ್ಳುತ್ತಿತ್ತು. ಡ್ಯಾಮಿನಿಂದ ಬಿಟ್ಟ ನೀರು ಕುಡಿಯುವುದಕ್ಕೆ ಮುಂದಿನ ಊರುಗಳಿಗೆ ಹೋಗಲಿ ಎಂದು ಸರಕಾರದವರು ದಂಡೆಯ ಪಂಪ್‌ಸೆಟ್ಟುಗಳ ಕರೆಂಟು ತೆಗೆದಿದ್ದರು. ಟ್ರ್ಯಾಕ್ಟರಿಗೆ ಕರೆಂಟಿನ ಹಂಗಿಲ್ಲ.

"ಕೊಯ್ನಾದಿಂದ ಬಿಟ್ಟು ಆರ ದಿನಾತು," ಎಂದ ಮುರಗೆಪ್ಪ. "ನಿಮ್ಮೂರ, ರಾಯಬಾಗದ ಹಳ್ಳಿಗೋಳು, ಅಥಣಿ, ನಮ್ಮ ಐಗಳಿ, ಎಲ್ಲಾರ ಸಲುವಾಗಿ ಬಿಟ್ಟ ನೀರು. ಇಲ್ಲಿಗಿ ಬಂದು ನಿಂತೈತಿ. ಕನ್ನಡದವ್ರು ಮರಾಠಿಯವ್ರು ಕೂಡಿ ಎಲ್ಲಾದ್ರೂ ಒಂದ ಕೆಲಸ ಮಾಡ್ಯಾರಂದ್ರ ಇದು ನೋಡ."

ಈ ದಂಡೆಯ ಮೂರನೆಯ ಟ್ರ್ಯಾಕ್ಟರು ಅವರದೇ. ಅದರ ಮೂತಿಯ ಮೇಲೆ ಅವಳ ಹೆಸರು ಬರೆಸಿದ್ದರು: ತ್ರಿಶಲಾ.

ಅವಳು ನೀರಿನ ಅಂಚಿಗೆ ಇಳಿದಳು. ಕೊರಳ ಹಗ್ಗ ಬಿಚ್ಚಿದಳು. ಹತ್ತು ಹೆಜ್ಜೆಗೊಂದು ಪೈಪು ನೀರಿನೊಳಗೆ ಬಾಯಿ ಇಟ್ಟಿತ್ತು. ಕಸ ಬರದಿರಲೆಂದು ಬಾಯಿಗಳಿಗೆ ಜಾಳಿಗೆ ಕಟ್ಟಿದ್ದರು. ಹತ್ತಿರದ ಜಾಳಿಗೆಗೆ ಬೆಳ್ಳಗೆ ಏನೋ ಮೆತ್ತಿಕೊಂಡಿತ್ತು. ಬಗ್ಗಿ ನೋಡಿದಳು. ಮರಿಗಳು. ತನ್ನ ತಂಬಿಗೆಯಲ್ಲಿದ್ದಂಥವೇ, ಬೊಗಸೆ ಬೊಗಸೆ.

ತಂಬಿಗೆಯನ್ನು ಎದೆಗೆ ಒತ್ತಿಕೊಂಡು ಹಿಂದೆ ಸರಿದಳು.

"ಯಾರ ಪೋರಿ ತೂ?" ಆಚೆ ದಂಡೆಯಿಂದ ಒಂದು ದಪ್ಪ ದನಿ ಬಂತು. ಬಿಳಿ ಟೋಪಿಯ ವಿರುಪಾಕ್ಷಪ್ಪ ಪಾಟೀಲರು ಕುರ್ಚಿ ಹಾಕಿಸಿಕೊಂಡು ಕೂತಿದ್ದರು. "ಅರೇ, ಜಿನ್ನಪ್ಪನ ಮಗಳಲ್ಲ? ಏನ ಬಾಳಾ, ಅಪ್ಪಗ ನಾಷ್ಟಾ ತಂದೀಯೇನ?"

"ಇಲ್ರಿ," ಎಂದಳು ತ್ರಿಶಲಾ. "ನಿಮ್ಮ ಬೋರ ನೋಡಾಕ ಬಂದಿದ್ದೆ."

ಪಾಟೀಲರು ಹೊಟ್ಟೆ ಕುಣಿಸಿ ನಕ್ಕರು. ಆ ನಗು ನೀರಿನ ಮೇಲೆ ಹಾಯ್ದು ಈ ದಂಡೆಗೆ ಬಂತು. ಅದಕ್ಕೆ ಯಾವ ಗಡಿಯೂ ಅಡ್ಡಬರಲಿಲ್ಲ.

ಮನೆಗೆ ಬಂದು ಅವಳು ಎಲ್ಲವನ್ನೂ ಹೇಳಿದಳು. ಜಾಳಿಗೆಯದೊಂದನ್ನು ಬಿಟ್ಟು. ಆಯಿ ಹೊರಸಿನ ಮೇಲೆ ಕಣ್ಣು ಮುಚ್ಚಿ ಕೇಳಿದಳು. "ಕದ್ದು ಕಟ್ಟಿದ ನೀರಿಗೆ ಬ್ಯಾಡ, ಹರಿಯೂ ಹೊಳಿಗೇ ಮುಟ್ಟಸ" ಎಂದಳು. ನೀರಿಲ್ಲದೆ ಒಂದು ದಿನ ಕಳೆದಿತ್ತು. ಪರ್ವದ ದಿನಗಳಲ್ಲಿ ನೀರೂ ಮುಟ್ಟದೆ ಉಪವಾಸ ಮಾಡಿದ ಜೀವ ಅದು. ಆದರೆ ಆ ಉಪವಾಸಗಳು ಮಳೆಗಾಲದವು.

ಹನ್ನೊಂದಕ್ಕೆ ಜಿನ್ನಪ್ಪ ಬಂದ. ಪಾಟೀಲರು ಫೋನ್ ಮಾಡಿದ್ದರು. "ಊರ ಮುಂದ ನನ್ನ ಮಾನ ಕಳ್ಯಾಕ ಹೋಗಿದ್ದೀಯೇನ ಲೇ?" ಎಂದು ಮಗಳ ಮೇಲೆ ಏರಿಬಂದವನನ್ನು ಆಯಿಯ ದನಿ ತಡೆಯಿತು. ದನಿ ದೊಡ್ಡದಿರಲಿಲ್ಲ, ಒಣಗಿತ್ತು.

"ಜಿನ್ನೂ. ನಿನ್ನೆ ಚಿಕ್ಕೋಡ್ಯಾಗ ಏನಂತ ಕೂಗಿದಿ?"

ಜಿನ್ನಪ್ಪ ಹೆಗಲ ಶಾಲು ಸರಿಮಾಡಿಕೊಂಡ.

"ನೀರ ಬಿಡ್ರಿ ಅಂತ ಕೂಗಿದಿ. ಹೌದಿಲ್ಲ? ಈಗ ನಾ ಕೂಗತೀನಿ. ನೀರ ಬಿಡ."

"ಅವ್ವಾ, ಎಂಟ ದಿನ. ಎಂಟ ದಿನ ನೀರ ಸಿಕ್ರ ಕಬ್ಬ ಮಳೀತನಕ ಜಗ್ಗತೈತಿ. ಆಮ್ಯಾಲ ನಾನ ಒಡ್ಡ ತಗೀತೀನಿ. ನಾ ಒಬ್ಬಾಂವ ಬಿಟ್ರ ಏನಾಗತೈತಿ? ಕೆಳಗಿನವ್ರು ಕಟ್ಟತಾರ. ಎಲ್ಲಾರೂ ಮಾಡೂದ ಇದನ್ನ. ನೀ ಸೋಸಿ ಕುಡಿಯವ್ವಾ, ಸೋಸಿದ್ರ ಮುಗೀತಿಲ್ಲ?"

"ಹುಳಾ ಸೋಸಾಕ ಅರಿವಿ ಐತಿ," ಎಂದಳು ಆಯಿ. "ಕಳವು ಸೋಸಾಕ ಇಲ್ಲ. ಯಾರೂ ಕೊಡದಿದ್ದನ್ನ ಮುಟ್ಟಬಾರದಂತ ನಿನಗ ಹಾಲು ಕುಡಿಸೂಮುಂದ ಹೇಳೀನಿ. ನನ್ನ ತವರಿನವರ ನೀರು ನನಗ ಕುಡಿಸಿದಿಯಲ್ಲೋ. ಮೂರ ದಿನ ಕುಡಿದೆ. ರುಚಿ ಐತಿ ಅಂತ ಬ್ಯಾರೆ ಅಂದೆ."

ಜಿನ್ನಪ್ಪ ಹೊರಗೆ ಹೋದ. ಒಂದು ತಾಸಿಗೆ ಕಾಗವಾಡದಿಂದ ಹನ್ನೆರಡು ಬಾಟಲಿ ನೀರು ತಂದು ಹೊರಸಿನ ಬಳಿ ಸಾಲಾಗಿ ಇಟ್ಟ. ಆಯಿ ಒಂದನ್ನೆತ್ತಿ ತಿರುಗಿಸಿ ಮುರುಗಿಸಿ ನೋಡಿದಳು.

"ಇದರ ಜೀವಾಣಿ ಎಲ್ಲಿ ಬಿಡೂದು? ವಿಳಾಸ ಬರದಾರೇನ ನೋಡ ತ್ರಿಶಲಾ."

"ಬರದಾರ ಆಯಿ. ಪುಣೆ ಹತ್ರ ಯಾವದೋ ಊರು."

"ಅಲ್ಲೀತನಕ ಹೋಗಿ ಬಿಟ್ಟು ಬರ್ತೀಯೇನ ಜಿನ್ನೂ? ನಿನಗ ಹೊತ್ತ ಎಲ್ಲೈತಿ. ರಸ್ತಾ ರೋಕೋ ಇರತಾವ."

ಮಂಗಲ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ನಕ್ಕಳೋ ಅತ್ತಳೋ ತಿಳಿಯಲಿಲ್ಲ. ಬಾಟಲಿಗಳು ಬಿಸಿಲಿಗೆ ಬೆಚ್ಚಗಾದವು. ಜಿನ್ನಪ್ಪ ಉಣ್ಣದೆ ಒಡ್ಡಿಗೆ ಹೊರಟುಹೋದ. ರಾತ್ರಿ ಪಂಪಿನ ಬಳಿಯೇ ಮಲಗಿದ.

ಸಂಜೆ ತ್ರಿಶಲಾ ಒದ್ದೆ ಬಟ್ಟೆಯಿಂದ ಆಯಿಯ ಅಂಗಾಲು ಒರೆಸುತ್ತಿದ್ದಳು. ತುಟಿ ಒರೆಸಹೋದರೆ ಆಯಿ ಮುಖ ತಿರುಗಿಸುತ್ತಿದ್ದಳು.

"ಆಯಿ, ಆ ಅರಸ ಹೊಳೀನ ಮನಿಗೆ ತಂದ್ನಲ್ಲ. ಮುಂದ ಏನಾತು?"

ಇಪ್ಪತ್ತು ವರ್ಷ ಹೇಳದಿದ್ದುದನ್ನು ಆಯಿ ಅಂದು ಹೇಳಿದಳು. ನಾಲಿಗೆ ಅಂಗುಳಕ್ಕೆ ಅಂಟುತ್ತಿತ್ತು, ಮಾತು ತುಂಡು ತುಂಡಾಗಿ ಬರುತ್ತಿತ್ತು.

"ಏನಾಗೂದೈತಿ. ಅರಸ ಚೆಂದಾಗಿನ ಇದ್ದ. ಮಕ್ಕಳ ಮದಿವಿ ಮಾಡಿದ, ಮೊಮ್ಮಕ್ಕಳ್ನ ಎತ್ತಿ ಆಡಿಸಿದ. ಹೊಳಿ ಎಣಸೂದು ಬಿಟ್ಟಳು. ಅಷ್ಟ."

"ಅಷ್ಟನ?"

"ಅದಕ್ಕ ನಿನಗ ಹೇಳಿದ್ದಿಲ್ಲ."

ತಂಬಿಗೆಯ ಮರಿಗೆ ತ್ರಿಶಲಾ ಸೋಸಿದ ನೀರನ್ನು ಚಮಚದಲ್ಲಿ ಹನಿಸುತ್ತ ಬಂದಿದ್ದಳು. ಮೂರನೆಯ ದಿನ ಬೆಳಿಗ್ಗೆ ಅದು ಮಗ್ಗುಲಾಗಿತ್ತು. ಕಿವಿರು ಮಾತ್ರ ಆಗೊಮ್ಮೆ ಈಗೊಮ್ಮೆ ತೆರೆಯುತ್ತಿತ್ತು. ಆಯಿಯ ತುಟಿ ಬಿರಿದು ರಕ್ತ ಬಂದಿತ್ತು. ಮಂಗಲ ಮಗಳನ್ನು ಬಾಗಿಲ ಹೊರಗೆ ಎಳೆದಳು. "ನಿಮ್ಮಪ್ಪನ ಕಾಲ ಹಿಡಿ ಹೋಗ. ನಾ ಹಿಡದ ನೋಡಿದೆ, ಆಗಲಿಲ್ಲ. ಇವತ್ತ ಸಂಜೀತನಕ ಈ ಜೀವ ಉಳಿಯೂದಿಲ್ಲ."

ಮುರಗೆಪ್ಪನ ಮೊದಲ ಖೇಪಿನಲ್ಲಿ ಅವಳು ಮತ್ತೆ ಒಡ್ಡಿಗೆ ಹೋದಳು. ಟ್ಯಾಂಕರ್ ನಿಲ್ಲುವ ಮೊದಲೇ ಬೈಗುಳ ಕೇಳಿಸಿತು. ನೀರು ಎದೆಮಟ್ಟದಿಂದ ಮೊಣಕಾಲಿಗೆ ಇಳಿದಿತ್ತು. ಜಿನ್ನಪ್ಪ ಒಡ್ಡಿನ ಮೇಲೆ ನಿಂತು ಆಚೆ ದಂಡೆಗೆ ಕೈ ಚಾಚಿ ಕೂಗುತ್ತಿದ್ದ.

"ಸಮಪಾಲು ಅಂತ ಆಣಿ ಮಾಡಿದ್ದಿಲ್ಲೇನ್ರಿ ಪಾಟೀಲ್ರ? ಈ ದಂಡಿಗಿ ಆರು, ಆ ದಂಡಿಗಿ ಆರು! ರಾತ್ರೋರಾತ್ರಿ ನಾಕ ಪೈಪ ಎಲ್ಲಿಂದ ಬಂದ್ವು? ನಾ ಇಲ್ಲೇ ಮಲಗೀನಿ, ನನ್ನ ಕಣ್ಣಾಗ ಮಣ್ಣ ಹಾಕಿದ್ರಿ!"

"ಗಪ್ ರೇ ಜಿನ್ನಪ್ಪಾ," ಎಂದರು ಪಾಟೀಲರು. ಕುರ್ಚಿಯಿಂದ ಏಳಲೂ ಇಲ್ಲ. "ಕೊಯ್ನಾ ಯಾರದು? ನಮ್ಮ ರಾಜ್ಯಾದ್ದು. ನೀರ ಯಾರದು? ನಮ್ಮದು. ನಿಮಗ ಅರ್ಧಾ ಕೊಟ್ಟೀವಲ್ಲ, ಅದಕ್ಕ ಕೈ ಮುಗಿ. ನಿಮ್ಮ ಮಂದೀದು ಯಾವಾಗಲೂ ಇದಽ ರಡಗಾಣ, ಇದಽ ಅಳೂದು. ಹೋಗ, ಚಿಕ್ಕೋಡ್ಯಾಗ ಹೋಗಿ ಕೂಗ."

ಐದಾರು ದಿನ ಒಂದೇ ಕೆತ್ತಲಿಯ ಚಹಾ ಕುಡಿದ ಎರಡು ದಂಡೆಗಳು ಒಮ್ಮೆಲೇ ಎರಡು ರಾಜ್ಯಗಳಾದವು. ಚೀಲ ಹೊತ್ತವರು, ಪೈಪು ಹಿಡಿದವರು ತಮ್ಮ ತಮ್ಮ ಭಾಷೆಯ ಬೈಗುಳ ಹುಡುಕಿಕೊಂಡರು.

"ಅಪ್ಪಾ," ಎಂದು ತ್ರಿಶಲಾ ಕೂಗಿದಳು. "ಆಯಿ ಭಾಳ ಸೋತಾಳ. ನೀರ ಬಿಡಪ್ಪಾ." ಅವಳ ದನಿ ಪಂಪುಗಳ ಸದ್ದಿನಲ್ಲಿ ಮುಳುಗಿತು. ಅವನು ತಿರುಗಿ ನೋಡಿದ. ಅವಳನ್ನು ಕಂಡ, ಅವಳ ಕೈಯ ತಂಬಿಗೆಯನ್ನೂ ಕಂಡ. "ಆಮ್ಯಾಲ ಬಾ," ಎಂದು ಕೈ ಬೀಸಿದ.

ಅಷ್ಟರಲ್ಲಿ ಆಚೆಯಿಂದ ಪಾಟೀಲರು ಇನ್ನೇನೋ ಅಂದರು. ಅವರ ಕಡೆಯವರೆಲ್ಲ ನಕ್ಕರು. ಜಿನ್ನಪ್ಪನ ಮುಖ ಕರ್ರಗಾಯಿತು. ಒಡ್ಡಿನಿಂದ ಜಿಗಿದು ಹೋಗಿ ತನ್ನ ಟ್ರ್ಯಾಕ್ಟರಿನಿಂದ ಪಂಪು ಕಳಚಿ, ಹಗ್ಗ ಬಿಗಿದು, ಹಗ್ಗದ ತುದಿಯ ಕೊಕ್ಕೆಯನ್ನು ಒಡ್ಡಿನ ನಡುವಿನ ಚೀಲಗಳಿಗೆ ಹಾಕಿದ.

"ನನಗಿಲ್ಲದ್ದು ನಿನಗೂ ಬ್ಯಾಡ ಮಗನ!" ಎಂದು ಕೂಗಿ ಗೇರ್ ಹಾಕಿದ.

ತ್ರಿಶಲಾ ಎಂದು ಹೆಸರು ಬರೆದ ಟ್ರ್ಯಾಕ್ಟರು ಗುಡುಗಿ ಮುಂದಕ್ಕೆ ನೆಗೆಯಿತು. ನಾಲ್ಕು ಚೀಲ ಕಿತ್ತು ಬಂದವು. ಉಳಿದದ್ದನ್ನು ನೀರೇ ಮಾಡಿತು. ಒಡ್ಡು ನಡುವೆ ಬಾಯಿಬಿಟ್ಟಿತು. ಕೆಂಪು ನೊರೆ ಬಿರಿದ ಕೆಸರಿನ ಮೇಲೆ ಉರುಳಿ ಕೆಳಕ್ಕೆ ಹೊರಟಿತು. ಮುರಗೆಪ್ಪ ಟ್ಯಾಂಕರಿನ ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದ. "ಸಿಟ್ಟಿನಾಗ ಬಿಟ್ರೂ ನೀರ ನೀರಽ ಬಿಡ" ಎಂದು ಯಾರಿಗೋ ಎಂಬಂತೆ ಅಂದ.

ಜಿನ್ನಪ್ಪ ಮಗಳನ್ನು ಗಾಡಿಯ ಹಿಂದೆ ಕೂರಿಸಿಕೊಂಡು ಮನೆಗೆ ಬಂದ. ದಾರಿಯುದ್ದಕ್ಕೂ ಪಾಟೀಲರ ವಂಶವನ್ನು ಬೈದ. ಅಂಗಳ ಬಂದ ಕೂಡಲೇ ಸುಮ್ಮನಾದ. ಚಪ್ಪಲಿ ಬಿಟ್ಟ, ಮುಖ ಒರೆಸಿಕೊಂಡ, ಆಯಿಯ ಹೊರಸಿನ ಬಳಿ ನೆಲಕ್ಕೆ ಕೂತು ಅವಳ ಕಾಲು ಹಿಡಿದ.

"ಒಡದೆ ಅವ್ವಾ. ನನ್ನ ಕೈಯಾರ ಒಡ್ಡ ಒಡದೆ. ನಿನ್ನ ಸಲುವಾಗಿ."

ಆಯಿಯ ಕಣ್ಣು ತೆರೆಯಿತು. ನೀರಿಲ್ಲದ ಆ ದೇಹಕ್ಕೆ ಕಣ್ಣೀರು ಎಲ್ಲಿಂದ ಬಂತೋ. ದಡ್ಡುಗಟ್ಟಿದ ಕೈ ಮಗನ ತಲೆಯ ಮೇಲೆ ಬಂತು.

"ನನ್ನ ಕತಿ ನೀನೂ ಮರತಿಲ್ಲಲ್ಲ ನನ್ನಪ್ಪಾ," ಎಂದಳು. ಆಮೇಲೆ ಕಣ್ಣು ಹೊರಳಿಸಿ ಮೊಮ್ಮಗಳನ್ನು ಹುಡುಕಿದಳು. "ನೀ ಕಂಡೀಯೇನ ತ್ರಿಶಲಾ? ಇವ ಒಡದದ್ದು?"

ಜಿನ್ನಪ್ಪ ತಲೆ ಎತ್ತಲಿಲ್ಲ. ಮಂಗಲ ಬಾಗಿಲಲ್ಲಿ ನಿಂತಿದ್ದಳು. ಕೇಳಿದರೆ ನೀನೂ ನನ್ನ ಹಾಗೆ ಕೂರಬೇಕಾಗುತ್ತದೆ ಎಂದು ಮೊನ್ನೆ ಅಂದವಳು.

"ಕಂಡೆ ಆಯಿ," ಎಂದಳು ತ್ರಿಶಲಾ.

"ಸಾಕು. ಹೋಗ, ನೀರ ಊರಿಗೆ ಬರತೈತಿ. ಮುಟ್ಟಿಸಿ ಬಾ. ಆಮ್ಯಾಲ ನಾ ಕುಡೀತೀನಿ. ಮರಿ ಐತಿಲ್ಲ?"

"ಐತಿ ಆಯಿ."

ಅವಳು ಹೊಳೆಯ ಕಟ್ಟೆಯ ಕೊನೆಯ ಮೆಟ್ಟಿಲಲ್ಲಿ ಕೂತು ಕಾದಳು. ಮಧ್ಯಾಹ್ನದ ಹೊತ್ತಿಗೆ ನೀರು ಬಂತು. ಹಾವಿನ ಹಾಗೆ ಮೊದಲು ಒಂದು ಎಳೆ. ಕುಣಿಗೆ ಇಳಿದು, ತುಂಬಿ, ಮುಂದಿನ ಕುಣಿಗೆ ದಾಟಿ ಬಂತು. ಆಮೇಲೆ ಮೊಣಕಾಲುದ್ದ. ಊರ ಹೆಂಗಸರು ಕೊಡ ಹಿಡಿದು ಓಡಿಬಂದರು. "ಜಿನ್ನಪ್ಪಣ್ಣ ಅವರವ್ವನ ಸಲುವಾಗಿ ಒಡ್ಡ ಒಡದನಂತ" ಎಂದು ಒಬ್ಬಳು ಇನ್ನೊಬ್ಬಳಿಗೆ ಹೇಳುತ್ತಿದ್ದಳು. ನೀರಿಗಿಂತ ಮೊದಲು ಮಾತು ಬಂದು ಮುಟ್ಟಿತ್ತು.

ತ್ರಿಶಲಾ ತಂಬಿಗೆಯ ಬಟ್ಟೆ ಸರಿಸಿದಳು. ಮರಿ ಬಿಳಿ ಹೊಟ್ಟೆ ಮೇಲೆ ಮಾಡಿ ತೇಲುತ್ತಿತ್ತು. ಬೆರಳಿನಿಂದ ಮುಟ್ಟಿದಳು. ಕಿವಿರು ತೆರೆಯಲಿಲ್ಲ. ಯಾವಾಗ ಹೋಯಿತೋ; ಕಂಡೆ ಆಯಿ ಅಂದಾಗಲೋ, ಅದಕ್ಕೂ ಮೊದಲೋ.

ಕೆಳಗಡೆ, ಊರ ತೋಟಗಳು ಮುಗಿದು ಮುಂದಿನ ಊರಿನವು ಶುರುವಾಗುವ ಕಡೆಯಿಂದ, ಒಂದು ಟ್ರ್ಯಾಕ್ಟರು ಕೆಮ್ಮಿ ಚಾಲೂ ಆದ ಸದ್ದು ಬಂತು. ಅದರ ಹಿಂದೆ ಇನ್ನೊಂದು. ಆಮೇಲೆ ಎಣಿಸಲಾಗದಷ್ಟು. ಐಗಳಿ ಅಲ್ಲಿಂದಾಚೆ ಬಹಳ ದೂರವಿತ್ತು.

ಕಣ್ಣಿಗೆ ಕಾಣದವು ತಂಬಿಗೆಯಲ್ಲಿ ಇನ್ನೂ ಇದ್ದಾವು ಎಂದುಕೊಂಡಳು. ಇರಬಹುದು. ಕೊರಳ ಹಗ್ಗ ಹಿಡಿದು ಇಳಿಬಿಟ್ಟಳು. ಒಂದು ಗೇಣು ಹಗ್ಗ ಸಾಕಾಯಿತು. ತಂಬಿಗೆಯ ಬುಡ ನೀರಿಗೆ ತಾಗಿತು. ಅವಳು ಬುಡದ ಹಗ್ಗ ಜಗ್ಗಿದಳು. ತಂಬಿಗೆ ಮೆಲ್ಲಗೆ, ಯಾರಿಗೂ ನೋವಾಗದ ಹಾಗೆ, ಮಗುಚಿಕೊಂಡಿತು.